ತೋಟದ ಅರ್ಧ ಗಂಟೆ

ನನ್ನ ಗಂಡ ಸಣ್ಣಸ್ವಾಮಿ ದೇವರಂಥ ಮನುಷ್ಯ ಎಂದು ಈಗ ಎಲ್ಲರೂ ಹೇಳುತ್ತಾರೆ. ಕೇಳಿದರೆ ಹೇಸಿಗೆಯಾಗುತ್ತದೆ. ಅವರು ದೇವರಂತೆ ಏನೂ ಇರಲಿಲ್ಲ. ಎಲೆಯಡಿಕೆ ಉಗಿದು ನಾವು ಕೂಲಿಯವರು ಇರುವ ಲೈನಿನ ಗೋಡೆಯನ್ನು ಕೆಂಪು ಮಾಡುತ್ತಿದ್ದರು. ಕಾಲು ತೊಳೆಯದೆ ಒಳಗೆ ಬರುತ್ತಿದ್ದರು. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ತಳ್ಳುತ್ತಿದ್ದರು. ಆದರೆ ಕಳ್ಳ ಅಲ್ಲ. ಅವರು ಸತ್ತಾಗ ಕಳ್ಳ ಎಂದ ಬಾಯಿ, ಅದು ಸುಳ್ಳೆಂದು ಗೊತ್ತಿದ್ದೂ ಸುಮ್ಮನಿದ್ದ ಬಾಯಿ, ಅವೇ ಬಾಯಿಗಳು ಈಗ ದೇವರು ಎನ್ನುತ್ತವೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಕೊಡ್ಲಿಪೇಟೆ ಕಡೆ. ಮದುವೆಯಾದ ಮರುವರ್ಷ ಅಮ್ಮತ್ತಿ ಕಡೆಯ ಈ ಕಾಫಿ ತೋಟಕ್ಕೆ ಬಂದೆವು. ಆಗ ಇಂಗ್ಲಿಷ್ ದೊರೆ ಇದ್ದ. ನನ್ನ ಗಂಡನಿಗೆ ಎರಡು ಕೆಲಸ. ಒಂದು, ನೆರಳು ಮರ ಹತ್ತಿ ಕೊಂಬೆ ಕಡಿಯುವುದು. ಇನ್ನೊಂದು, ಗಂಟೆ ಹೊಡೆಯುವುದು. ಗಂಟೆ ಎಂದರೆ ಗುಡಿಯ ಗಂಟೆಯಲ್ಲ. ಆಫೀಸಿನ ಮುಂದೆ ಹಲಸಿನ ಮರಕ್ಕೆ ರೈಲು ಕಂಬಿಯ ಒಂದು ತುಂಡು ನೇತುಹಾಕಿತ್ತು. ಕೊಡಗಿಗೆ ರೈಲು ಬರಲಿಲ್ಲ, ಕಂಬಿಯ ತುಂಡು ಮಾತ್ರ ಬಂತು. ಅದನ್ನು ಸುತ್ತಿಗೆಯಿಂದ ಹೊಡೆದರೆ ಒಂದು ಮೈಲಿ ದೂರದ ಲೈನಿಗೂ ಕೇಳುತ್ತಿತ್ತು. ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ ಗಂಟೆಗೊಮ್ಮೆ ಹೊಡೆಯಬೇಕು. ಹನ್ನೆರಡಕ್ಕೆ ಊಟಕ್ಕೆ ಬಿಡುತ್ತಿದ್ದರು. ಒಂದಕ್ಕೆ ಮತ್ತೆ ಕೆಲಸ. ನಾಲ್ಕಕ್ಕೆ ಕೆಲಸ ಮುಗಿಯುತ್ತಿತ್ತು.

ನನ್ನ ಗಂಡ ಹೊಡೆಯುವುದಕ್ಕೆ ಒಂದು ರೀತಿ ಇತ್ತು. ಮೊದಲು ಸುತ್ತಿಗೆಯನ್ನು ಕಂಬಿಗೆ ಸುಮ್ಮನೆ ಮುಟ್ಟಿಸುತ್ತಿದ್ದರು. ಒಂದು ಸಣ್ಣ ಸದ್ದು. ಆಮೇಲೆ ಲೆಕ್ಕದ ಹೊಡೆತ. "ಅದ್ಯಾಕೆ ಮೊದಲು ಮುಟ್ಟಿಸೋದು?" ಎಂದು ಕೇಳಿದೆ ಒಮ್ಮೆ.

"ಕಂಬಿಗೆ ಹೇಳಬೇಡ್ವೇನೇ? ಇದ್ದಕ್ಕಿದ್ದ ಹಾಗೆ ಹೊಡೆದ್ರೆ ನಿಂಗಾದ್ರೂ ಹೆಂಗಾಯ್ತದೆ?"

"ನಂಗೆ ಹೊಡೆದು ನೋಡು, ಗೊತ್ತಾಯ್ತದೆ" ಎಂದೆ.

ಆಫೀಸಿನ ಗೋಡೆ ಗಡಿಯಾರ ನೋಡಿ ಹೊಡೆಯಬೇಕಿತ್ತು. ಆ ಗಡಿಯಾರ ಅರ್ಧ ಗಂಟೆ ಮುಂದೆ. ಕೆಟ್ಟು ಮುಂದೆ ಹೋದದ್ದಲ್ಲ, ಇಟ್ಟದ್ದು. ಜನ ಬೇಗ ಎದ್ದು ಬೇಗ ಕೆಲಸಕ್ಕೆ ಬರಲಿ ಎಂದು ದೊರೆ ಹಾಗೆ ಇಟ್ಟಿದ್ದ. ಅಮ್ಮತ್ತಿಯಲ್ಲಿ ಐದೂವರೆ ಆದರೆ ನಮ್ಮಲ್ಲಿ ಆರು. ದೊರೆ ತೋಟ ಮಾರಿ ಹಡಗು ಹತ್ತಿದ. ಅವನ ನಾಯಿಗಳೂ ಹೋದವು. ಅರ್ಧ ಗಂಟೆ ಹೋಗಲಿಲ್ಲ. ಹೊಸ ಯಜಮಾನರು ಅದನ್ನು ಹಾಗೆಯೇ ಇಟ್ಟುಕೊಂಡರು. ತೋಟದಲ್ಲೇ ಹುಟ್ಟಿ ಬೆಳೆದವರಿಗೆ ಇನ್ನೊಂದು ಹೊತ್ತು ಇದೆ ಎಂಬುದೇ ಮರೆತುಹೋಗಿತ್ತು. ಗಂಟೆ ಹೊಡೆದರೆ ಅದೇ ಹೊತ್ತು.

ನನ್ನ ಗಂಡ ಮರೆತಿರಲಿಲ್ಲ. ಅವರಿಗೆ ಒಂದು ಲೆಕ್ಕ ಗೊತ್ತಿತ್ತು. ಹೋದ ಹೊತ್ತನ್ನು ಹಿಂದಕ್ಕೆ ಎಣಿಸಿ ಹಿಡಿಯುವ ಲೆಕ್ಕ. ಹೆಬ್ಬೆರಳು ಬಿಟ್ಟರೆ ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಟ್ಟು ಹನ್ನೆರಡು. ಗಡಿಯಾರದಲ್ಲಿ ಇರುವುದೂ ಹನ್ನೆರಡೇ. ಹೆಬ್ಬೆರಳನ್ನು ಈಗಿನ ಗಂಟೆಯ ಗೆಣ್ಣಿನ ಮೇಲಿಟ್ಟು ಹಿಂದೆ ಸರಿಸುತ್ತಾ ಹೋಗುವುದು. ಕಾಲು, ಅರ್ಧ, ಮುಕ್ಕಾಲು ಬಾಯಲ್ಲಿ.

ಲೈನಿನಲ್ಲಿ ಮಗು ಹುಟ್ಟಿದರೆ ಇವರ ಹತ್ತಿರ ಬರುತ್ತಿದ್ದರು. ಜಾತಕ ಬರೆಸುವವರಿಗೆ ಹೊತ್ತು ಬೇಕು. ಆಮೇಲಾಮೇಲೆ ಆಸ್ಪತ್ರೆಯ ನರ್ಸಮ್ಮನೂ ಕೇಳತೊಡಗಿದಳು. ಹೆರುವ ಮನೆಯಲ್ಲಿ ಗಡಿಯಾರ ಯಾರ ಹತ್ತಿರ ಇರುತ್ತದೆ? ಇವರು ಕೇಳುತ್ತಿದ್ದರು, ಒಲೆ ಮೇಲೆ ಏನಿತ್ತು, ಬೆಂದಿತ್ತೋ ಇಲ್ಲವೋ, ಅದಾದ ಮೇಲೆ ಗಂಟೆ ಎಷ್ಟು ಹೊಡೆಯಿತು. ಗೆಣ್ಣು ಎಣಿಸಿ ಹೇಳುತ್ತಿದ್ದರು. ಕೊನೆಗೆ ಅರ್ಧ ಗಂಟೆ ತೆಗೆದುಬಿಡುತ್ತಿದ್ದರು.

"ಅದ್ಯಾಕೆ ತೆಗೀತೀಯ?"

"ಮಗು ಹುಟ್ಟಿದ್ದು ಊರಿನ ಹೊತ್ತಿಗೆ ಕಣೇ, ದೊರೆ ಹೊತ್ತಿಗಲ್ಲ. ತೋಟದಿಂದ ಊರಿಗೆ ಹೋಗುವಾಗ ಅರ್ಧ ತೆಗಿ. ಊರಿಂದ ತೋಟಕ್ಕೆ ಬರುವಾಗ ಅರ್ಧ ಸೇರ್ಸು. ತಲೇಲಿ ಇಟ್ಕೊ."

ನನಗೂ ಕಲಿಸಿದರು. ನಾನು ಮೂರನೇ ಕ್ಲಾಸಿಗೆ ಬಿಟ್ಟವಳು. ಒಂದಕ್ಕೆ ಬಂದು ಇನ್ನೂ ಹಿಂದೆ ಹೋಗಬೇಕಾದಾಗ ನಿಂತುಬಿಡುತ್ತಿದ್ದೆ. "ಒಂದರ ಹಿಂದೆ ಸೊನ್ನೆ ಇಲ್ಲ ಕಣೇ ದಡ್ಡಿ, ಹನ್ನೆರಡು" ಎಂದು ತಲೆಗೆ ಮೊಟಕುತ್ತಿದ್ದರು. ಲೈನಿನ ಮಕ್ಕಳಿಗೆಲ್ಲ ಹುಟ್ಟಿದ ಹೊತ್ತು ಹೇಳಿದರು. ನಮಗೆ ಮಕ್ಕಳಾಗಲಿಲ್ಲ.

ಕೊಡಗು ಮೈಸೂರಿಗೆ ಸೇರಿದ ಮೂರನೇ ವರ್ಷ, ಏಪ್ರಿಲ್ ತಿಂಗಳು. ಮಳೆಗೆ ಮೊದಲು ನೆರಳು ಮರ ಕಡಿಯುವ ಕೆಲಸ ನಡೆಯುತ್ತಿತ್ತು. ಆ ಸೋಮವಾರ ನನಗೆ ಜ್ವರ, ಲೈನಿನಲ್ಲೇ ಮಲಗಿದ್ದೆ. ಒಂದರ ಗಂಟೆ ಕೇಳಿದೆ. ಮೊದಲು ಆ ಸಣ್ಣ ಸದ್ದು, ಆಮೇಲೆ ಒಂದು ಹೊಡೆತ. ಊಟ ಮಾಡಿದರೋ ಇಲ್ಲವೋ ಅಂದುಕೊಂಡೆ. ನಿದ್ದೆ ಹೋದೆ. ಎಚ್ಚರವಾದದ್ದು ನಾಲ್ಕರ ಗಂಟೆಗೆ. ಸಣ್ಣ ಸದ್ದು ಇಲ್ಲ. ನಾಲ್ಕು ಹೊಡೆತ, ಕಟ್ಟಿಗೆ ಒಡೆದ ಹಾಗೆ. ಅದು ಅವರ ಕೈಯಲ್ಲ. ಆಫೀಸಿನ ಕಾವಲುಗಾರ ಗುಂಡ ಹೊಡೆದದ್ದು.

ಎದ್ದು ಕೂತೆ. ಕೆಲಸ ಬಿಟ್ಟು ಜನ ಬಂದರು. ಯಾರೂ ನನ್ನ ಮುಖ ನೋಡಲಿಲ್ಲ. ಪಕ್ಕದ ಮನೆಯ ದೊಡ್ಡಿ, ಎರವರ ಹೆಂಗಸು, ನನ್ನ ಬಾಗಿಲಲ್ಲಿ ನಿಂತು ಸೆರಗು ತಿರುಚುತ್ತಾ ಹೇಳಿದಳು, "ಅಕ್ಕಾ, ಅಣ್ಣ ಮರದಿಂದ ಬಿದ್ದ. ಲಾರೀಲಿ ತಗೊಂಡು ಹೋದ್ರು."

"ಯಾವಾಗ?"

"ಆಗ್ಲೇ."

ಆಗಲೇ ಬಿದ್ದವರ ಸುದ್ದಿಯನ್ನು ಒಂದು ಮೈಲಿ ತರುವುದಕ್ಕೆ ಕೆಲಸ ಮುಗಿಯಬೇಕಾಯಿತು. ಒಬ್ಬರ ಕಾಲೂ ಮೊದಲು ಏಳಲಿಲ್ಲ. ಒಂಬತ್ತು ಮೈಲಿ ನಡೆದೆ. ಆಸ್ಪತ್ರೆ ಮುಟ್ಟುವಾಗ ಕತ್ತಲೆ ಇಳಿಯುತ್ತಿತ್ತು. ಅವರ ಕೈ ತಣ್ಣಗಾಗಿತ್ತು. ಕಾಂಪೌಂಡರು ಒಂದು ಚೀಟಿ ಕೊಟ್ಟು ಓದಿ ಹೇಳಿದರು, ಮೂರು ಗಂಟೆಗೆ ತಂದರು, ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಜೀವ ಹೋಯಿತು.

ಐದನೇ ದಿನ ರೈಟರ್ ಬೆಳ್ಯಪ್ಪ ಲೈನಿಗೆ ಬಂದ. ರೈಟರ್ ಎಂದರೆ ತೋಟದ ಹಾಜರಿ, ಕೆಲಸ, ಪುಸ್ತಕ ಎಲ್ಲ ಅವನ ಕೈಯಲ್ಲಿ. ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಕಾಲುಚೀಲ, ಕಿವಿಯ ಮೇಲೆ ಪೆನ್ಸಿಲು. ಸೂತಕದ ಮನೆಯ ಜಗಲಿಯಲ್ಲಿ ಸಿಗರೇಟು ಹಚ್ಚಿದ.

"ನೋಡು ಯಮುನ, ನಿನ್ನ ಮೇಲೆ ನಂಗೆ ಎಂಥ ದ್ವೇಷವೂ ಇಲ್ಲ. ಆದ್ರೆ ಇದ್ದದ್ದು ಬರೀಬೇಕಲ್ಲ? ಮಡಿಕೇರಿಯಿಂದ ಲೇಬರ್ ಆಫೀಸರು ಬರ್ತಾರೆ. ಸಣ್ಣಸ್ವಾಮಿ ಬಿದ್ದದ್ದು ಊಟದ ಬಿಡುವಲ್ಲಿ. ಆ ಮರದಲ್ಲಿ ಜೇನು ಇತ್ತು. ತೋಟದ ಜೇನು ಕದಿಲಿಕ್ಕೆ ಹತ್ತಿದ, ಬಿದ್ದ. ನಾನು ಹಾಗೇ ಬರ್ದಿದ್ದೇನೆ."

"ಅವರು ಕೊಂಬೆ ಕಡಿಯೋಕೆ ಹತ್ತಿದ್ದು" ಎಂದೆ. "ಒಂದರ ಗಂಟೆ ಅವರೇ ಹೊಡೆದ್ರು. ನಾನು ಕೇಳಿದೀನಿ."

"ಜ್ವರದಲ್ಲಿ ಎಂಥ ಕೇಳಿದೆಯೋ! ಗುಂಡ ಹೊಡೆದದ್ದು." ಕಿವಿಯಿಂದ ಪೆನ್ಸಿಲು ತೆಗೆದ. ಸಿಗರೇಟು ಪೊಟ್ಟಣದ ಹಿಂದೆ ಬರೆದ. "ನೀನೂ ಲೆಕ್ಕ ಬಲ್ಲವಳು ಅಂತಾರೆ. ನೋಡು. ಆಸ್ಪತ್ರೆ ಚೀಟಿ ನಂದಲ್ಲ, ಅವರದ್ದು. ಮೂರು ಗಂಟೆ. ದಾರಿಗೆ ಒಂದು ಗಂಟೆ ತೆಗಿ, ಎರಡು. ಲಾರಿ ಹೊರಡಿಸ್ಲಿಕ್ಕೆ ಒಂದೂಕಾಲು ಗಂಟೆ ಬೇಕಾಯ್ತು, ಅದನ್ನೂ ತೆಗಿ. ಎಷ್ಟಾಯ್ತು?"

ನನ್ನ ಹೆಬ್ಬೆರಳು ಸೆರಗಿನೊಳಗೆ ತಾನಾಗಿ ಓಡಿತು. ಮೂರು, ಎರಡು, ಒಂದು. ಒಂದರ ಹಿಂದೆ ಕಾಲು. ಹನ್ನೆರಡೂ ಮುಕ್ಕಾಲು.

"ಹನ್ನೆರಡೂ ಮುಕ್ಕಾಲು" ಎಂದ ಅವನು. "ಊಟದ ಬಿಡುವು. ನಾನು ಸುಳ್ಳು ಹೇಳಬಹುದು, ಲೆಕ್ಕ ಹೇಳ್ತದಾ? ಕಳ್ಳನ ಸಂಸಾರ ಲೈನಲ್ಲಿ ಇರಬಾರ್ದು ಅಂತ ಯಜಮಾನರ ಕಟ್ಟಳೆ. ಆಫೀಸರು ಬಂದು ಹೋದ ಮೇಲೆ ಮನೆ ಬಿಡು. ತಿಥಿ ಗಿಥಿ ಎಲ್ಲ ನಿಮ್ಮ ಊರಲ್ಲೇ ಮಾಡ್ಕೋ."

ಸಿಗರೇಟು ತುಂಡನ್ನು ನನ್ನ ತುಳಸಿಯ ಬುಡಕ್ಕೆ ಎಸೆದು ಹೋದ.

ಮನೆ ಹೋದರೆ ಹೋಗಲಿ. ಹತ್ತು ಅಡಿ ಉದ್ದದ ಕೋಣೆ, ಮೇಲೆ ತಗಡು. ಆದರೆ ಕಳ್ಳ ಎಂದು ಪುಸ್ತಕದಲ್ಲಿ ಉಳಿಯುತ್ತದೆ. ಕೊಡ್ಲಿಪೇಟೆಗೆ ನನಗಿಂತ ಮೊದಲು ಅದೇ ಹೋಗಿ ಮುಟ್ಟುತ್ತದೆ.

ದೊಡ್ಡಿಯ ಗಂಡ ಕಾಳ ಆ ದಿನ ನನ್ನ ಗಂಡನ ಜೊತೆಯಲ್ಲೇ ಕೆಲಸಕ್ಕಿದ್ದ. ಅವನ ಬಾಗಿಲಿಗೆ ಹೋದೆ. "ಕಾಳ, ನೀನು ಅಲ್ಲೇ ಇದ್ದೆಯಲ್ಲ? ಗಂಟೆ ಹೊಡೆದ ಮೇಲೆ ಹತ್ತಿದ್ದೋ ಮೊದಲೋ? ನಿಜ ಹೇಳು."

ಕಾಳ ಕತ್ತಿ ಮಸೆಯುತ್ತಿದ್ದ. ತಲೆ ಎತ್ತಲಿಲ್ಲ. "ನಂಗೆ ಗಂಟೆ ಗಿಂಟೆ ಗೊತ್ತಿಲ್ಲ ಅಕ್ಕ."

"ಬೆಳಿಗ್ಗೆ ಏಳೋದು ಯಾವುದನ್ನು ಕೇಳಿ?"

ಮಸೆಯುವುದನ್ನು ಇನ್ನೂ ಜೋರು ಮಾಡಿದ. ಅವನ ಮನೆಯಲ್ಲಿ ಗಂಜಿ ಕುಡಿದದ್ದಕ್ಕೆ ಹೇಸಿಗೆಯಾಗಿ ತಿರುಗಿ ಬಂದೆ.

ಮರ ನೋಡುತ್ತೇನೆ ಎಂದು ಹೋದೆ. ಕಾಫಿ ಒಣಗಿಸುವ ಕಣದ ಹಿಂದೆಯೇ ಆ ಮರ. ಅದನ್ನು ಮರುದಿನವೇ ಬೋಳು ಮಾಡಿಸಿದ್ದರು. ಒಂದು ಕೊಂಬೆ ಉಳಿದಿರಲಿಲ್ಲ. ಅವರು ಎಷ್ಟು ಕಡಿದಿದ್ದರು, ಎಲ್ಲಿಗೆ ನಿಲ್ಲಿಸಿದ್ದರು, ಏನೂ ಕಾಣುವಂತಿಲ್ಲ. ಕಾಂಡದಲ್ಲಿ ಒಂದು ಹಳೆಯ ಒಣ ಜೇನುತಟ್ಟಿ ಮಾತ್ರ ಇತ್ತು. ಅದನ್ನು ಬಿಟ್ಟಿದ್ದರು.

ಮನೆಗೆ ಬಂದು ಮತ್ತೆ ಎಣಿಸಿದೆ. ಹನ್ನೆರಡೂ ಮುಕ್ಕಾಲು. ಎಡಗೈಯಲ್ಲಿ ಎಣಿಸಿದೆ. ಹನ್ನೆರಡೂ ಮುಕ್ಕಾಲು. ಅವರೆ ಕಾಳಿಟ್ಟು ಎಣಿಸಿದೆ. ಅಷ್ಟೇ. ನನ್ನ ಕಿವಿ ಒಂದರ ಗಂಟೆ ಅವರ ಕೈಯದು ಎನ್ನುತ್ತದೆ, ಅವರೇ ಕಲಿಸಿದ ಲೆಕ್ಕ ಅವರು ಅದಕ್ಕೆ ಮೊದಲೇ ಬಿದ್ದಿದ್ದರು ಎನ್ನುತ್ತದೆ. ಎರಡರಲ್ಲಿ ಒಂದು ಸುಳ್ಳಾಗಬೇಕು. ಜ್ವರದ ಕಿವಿಯೇ ಸುಳ್ಳು ಅಂದುಕೊಂಡೆ. ಹೋದ ವರ್ಷ ಒಂದು ಸೀಸೆ ಜೇನು ತಂದಿದ್ದರು. ಕಕ್ಕಬೆಯವನೊಬ್ಬ ಕೊಟ್ಟ ಎಂದಿದ್ದರು. ಆ ಸೀಸೆ ತೆಗೆದು ನೋಡಿದೆ. ತಳದಲ್ಲಿ ಗಟ್ಟಿಯಾಗಿ ಇನ್ನೂ ಸ್ವಲ್ಪ ಇತ್ತು. ಇದೂ ಕದ್ದದ್ದೋ? ಸತ್ತ ಗಂಡನನ್ನು ಸೀಸೆ ಹಿಡಿದು ವಿಚಾರಣೆ ಮಾಡಿದೆ. ಬೆಳ್ಯಪ್ಪನ ಮೇಲೆ ಎಷ್ಟು ಹೇಸಿಗೆಯಾಯಿತೋ, ಅದಕ್ಕಿಂತ ನನ್ನ ಮೇಲೆ ನನಗೆ ಹೆಚ್ಚಾಯಿತು.

ಮೂರು ದಿನ ಹೀಗೆ ಹೋಯಿತು.

ನಾಲ್ಕನೇ ದಿನ ಬೆಳಿಗ್ಗೆ ದೊಡ್ಡಿ ಬಂದಳು. ಸೆರಗು ತಿರುಚುತ್ತಾ ಬಾಗಿಲಲ್ಲೇ ನಿಂತಳು.

"ಅಕ್ಕಾ, ಸೊಸೆಗೆ ಹೆಣ್ಣಾಯ್ತು."

"ಆಗಲಿ."

"ನರ್ಸಮ್ಮ ಬಂದಿದಾಳೆ. ಹುಟ್ಟಿದ ಟೈಮು ಕೇಳ್ತಾಳೆ. ಮೊದ್ಲೆಲ್ಲ ಅಣ್ಣ ಹೇಳ್ತಿದ್ದ. ಈಗ ನೀನೇ ಹೇಳ್ಬೇಕು."

"ನಾಚಿಕೆ ಆಗಲ್ವೇನೇ ದೊಡ್ಡಿ? ನಿನ್ನ ಗಂಡನ ಬಾಯಿ ಹೊಲಿದುಹೋಗಿದೆ. ನಿನ್ನ ಮೊಮ್ಮಗಳಿಗೆ ನನ್ನ ಬಾಯಿ ಬೇಕಾ?"

ಅವಳು ಅಳುತ್ತಾ ನಿಂತಳು. ಹೋಗಲಿಲ್ಲ. ಅಳುವವರನ್ನು ಕಂಡರೂ ಆಗ ನನಗೆ ಆಗುತ್ತಿರಲಿಲ್ಲ, ಬೇಗ ಕಳಿಸಿಬಿಡಬೇಕು ಎಂದು ಕೇಳಿದೆ, "ಒಲೆ ಮೇಲೆ ಏನಿತ್ತು?"

"ಮಗು ಬಿದ್ದ ಕೂಡ್ಲೆ ಗಂಜಿಗೆ ಇಟ್ಟೆ. ಇಳಿಸುವಾಗ ಎಂಟು ಹೊಡೀತು."

"ಗಂಜಿಗೆ ಮುಕ್ಕಾಲು ಗಂಟೆ. ಎಂಟರಿಂದ ಮುಕ್ಕಾಲು ಹಿಂದೆ, ಏಳೂಕಾಲು. ತೋಟದ ಅರ್ಧ ತೆಗಿ, ಆರೂ ಮುಕ್ಕಾಲು. ಆರೂ ಮುಕ್ಕಾಲು ಅಂತ ಹೇಳು, ಹೋಗು."

ಅವಳು ಹೋದಳು. ನನ್ನ ಹೆಬ್ಬೆರಳು ಗೆಣ್ಣಿನ ಮೇಲೆಯೇ ನಿಂತಿತು.

ತೋಟದಿಂದ ಊರಿಗೆ ಹೋಗುವಾಗ ಅರ್ಧ ತೆಗಿ. ಊರಿಂದ ತೋಟಕ್ಕೆ ಬರುವಾಗ ಅರ್ಧ ಸೇರಿಸು. ಆಸ್ಪತ್ರೆಯ ಮೂರು ಗಂಟೆ ಊರಿನ ಮೂರು. ಅಲ್ಲಿಂದ ಹಿಂದಕ್ಕೆ ಬಂದರೆ ಹನ್ನೆರಡೂ ಮುಕ್ಕಾಲು ಸರಿ, ಆದರೆ ಅದೂ ಊರಿನದೇ. ಊಟದ ಬಿಡುವು ಕಂಬಿಯ ಹೊತ್ತು. ಅರ್ಧ ಸೇರಿಸಬೇಕು. ಒಂದೂಕಾಲು. ಒಂದರ ಗಂಟೆ ಅವರೇ ಹೊಡೆದರು, ಮರ ಹತ್ತಿದರು, ಹದಿನೈದು ನಿಮಿಷಕ್ಕೆ ಬಿದ್ದರು. ನನ್ನ ಕಿವಿ ಸರಿ. ಲೆಕ್ಕವೂ ಸರಿ. ಬೆಳ್ಯಪ್ಪ ಎರಡು ಗಡಿಯಾರವನ್ನು ಒಂದು ಮಾಡಿದ್ದ. ಹದಿನಾರು ವರ್ಷ ಆ ಗಡಿಯಾರದ ಕೆಳಗೆ ಕೂತವನು ಮರೆತನೆಂದರೆ ನಾನು ನಂಬುವುದಿಲ್ಲ. ನಾನು ಮರೆತದ್ದು ನಿಜ. ಅವರು ಇದ್ದಿದ್ದರೆ ತಲೆಗೆ ಮೊಟಕುತ್ತಿದ್ದರು.

ಮರುದಿನ ಆಫೀಸರು ಬಂದರು. ಮೈಸೂರು ಕಡೆಯವರು, ಸಣ್ಣ ಪ್ರಾಯ, ಜೀಪಿನ ಧೂಳಿಗೆ ಸೀನುತ್ತಿದ್ದರು. ಆಫೀಸಿನ ಜಗಲಿಯಲ್ಲಿ ಕುರ್ಚಿ ಹಾಕಿದ್ದರು. ಕೆಳಗೆ ಜನ. ಬೆಳ್ಯಪ್ಪ ಪುಸ್ತಕ ತೆರೆದು ಓದಿದ. ಮೂರು ಗಂಟೆ, ಒಂದು ಗಂಟೆ, ಒಂದೂಕಾಲು ಗಂಟೆ, ಹನ್ನೆರಡೂ ಮುಕ್ಕಾಲು, ಊಟದ ಬಿಡುವು, ಜೇನು. ಆಫೀಸರು ತಾವೂ ಕಾಗದದ ಮೇಲೆ ಕಳೆದು ನೋಡಿ ತಲೆ ಆಡಿಸಿದರು.

"ಏನಮ್ಮ, ನೀನು ಹೇಳೋದು ಏನಾದ್ರೂ ಇದೆಯಾ?"

"ನಿಮ್ಮ ಕೈ ಗಡಿಯಾರದಲ್ಲಿ ಗಂಟೆ ಎಷ್ಟು ಸ್ವಾಮಿ?" ಎಂದೆ.

ಬೆಳ್ಯಪ್ಪ ನಕ್ಕ. "ಸಾರ್, ದುಃಖದಲ್ಲಿ ತಲೆ ಸ್ವಲ್ಪ..."

"ಹತ್ತೂಕಾಲು" ಎಂದರು ಆಫೀಸರು.

"ಒಳಗಿನ ಗಡಿಯಾರ ನೋಡಿ."

ಅವರು ಕುರ್ಚಿಯಲ್ಲೇ ತಿರುಗಿ ನೋಡಿದರು. ಹತ್ತೂ ಮುಕ್ಕಾಲು. ಮತ್ತೆ ಕೈ ನೋಡಿಕೊಂಡರು. ಕಿವಿಗೆ ಹಿಡಿದು ಅಲ್ಲಾಡಿಸಿದರು.

"ನಿಮ್ಮದು ಸರಿ ಇದೆ ಸ್ವಾಮಿ" ಎಂದೆ. "ಇವರದು ಅರ್ಧ ಗಂಟೆ ಮುಂದೆ."

"ಅದು ಸ್ವಲ್ಪ ಮುಂದೆ ಓಡ್ತದೆ ಸಾರ್, ಹಳೇದು" ಎಂದ ಬೆಳ್ಯಪ್ಪ.

"ಹದಿನಾರು ವರ್ಷದಿಂದ ಅರ್ಧ ಗಂಟೆನೇ ಓಡ್ತದೆ. ಹೆಚ್ಚೂ ಇಲ್ಲ, ಕಮ್ಮಿನೂ ಇಲ್ಲ. ಅದಕ್ಕೆ ಕೀ ಕೊಡ್ತಿದ್ದವರು ನನ್ನ ಗಂಡ. ಆಸ್ಪತ್ರೆ ಹೊತ್ತು ನಿಮ್ಮ ಕೈದು ಸ್ವಾಮಿ. ಊಟದ ಬಿಡುವು ಈ ಗೋಡೆದು. ಹನ್ನೆರಡೂ ಮುಕ್ಕಾಲಿಗೆ ಅರ್ಧ ಸೇರಿಸಿ ನೋಡಿ."

ಕೈ ಎತ್ತಿ ಗೆಣ್ಣು ಹಿಡಿದು ಮೊದಲಿಂದ ಎಣಿಸಿದೆ. ಆಫೀಸರು ನನ್ನ ಬೆರಳನ್ನೇ ನೋಡಿದರು. ಆಮೇಲೆ ಕಾಗದದ ಮೇಲೆ ಬರೆದರು. ಒಂದೂಕಾಲು. "ಒಂದು ಗಂಟೆಯ ಗಂಟೆ ಹೊಡೆದದ್ದು ಯಾರು?" ಎಂದು ಕೇಳಿದರು.

ಗುಂಡ ನೆಲ ನೋಡಿದ. ಬೆಳ್ಯಪ್ಪ ಅವನನ್ನು ನೋಡಿದ. ಆಗ ಕಾಳನಿಗೆ ಬಾಯಿ ಬಂತು.

"ಅಣ್ಣನೇ ಹೊಡೆದದ್ದು ಸಾಮಿ. ಹೊಡೆದು ಬಂದು ಹತ್ತಿದ. ನಾನು ಕೆಳಗೆ ಇದ್ದೆ. ಜೇನು ಹೋಗಿ ಎಷ್ಟೋ ದಿನ ಆಯ್ತು, ಬರೀ ತಟ್ಟಿ."

ಅವನ ಹಿಂದೆ ಇನ್ನೂ ನಾಲ್ಕು ಜನ ಹೌದು ಹೌದು ಎಂದರು. ಒಂಬತ್ತು ದಿನ ಎಲ್ಲಿಟ್ಟಿದ್ದರೋ ಆ ಹೌದುಗಳನ್ನು! ನಾನು ತಿರುಗಿ ನೋಡಲಿಲ್ಲ.

ಆಫೀಸರು ಪುಸ್ತಕದ ಮೇಲೆ ಬೆರಳಿಟ್ಟರು. "ಬಿದ್ದವನನ್ನು ಲಾರಿಗೆ ಹತ್ತಿಸೋಕೆ ಒಂದೂಕಾಲು ಗಂಟೆ ಯಾಕೆ ಬೇಕಾಯ್ತು?"

"ಲಾರಿ ತುಂಬ ಸುಣ್ಣದ ಮೂಟೆ ಇತ್ತಲ್ಲ ಸಾರ್" ಎಂದ ಬೆಳ್ಯಪ್ಪ. "ಅರವತ್ತು ಮೂಟೆ. ಅದನ್ನು ಗೋಡೌನಿಗೆ ಹಾಕಿಸ್ಬೇಕಲ್ಲ? ಆ ದಿನ ಮೋಡ ಇತ್ತು. ಅಂಗಳದಲ್ಲಿ ಇಳಿಸಿ ಮಳೆ ಬಂದ್ರೆ ಸುಣ್ಣ ಎಲ್ಲ ಹಾಳು."

ಅಷ್ಟನ್ನೂ ಅವನು ಸಣ್ಣ ದನಿ ಮಾಡದೆ ಹೇಳಿದ. ಒಂದು ಒಳ್ಳೆಯ ಕೆಲಸ ಹೇಳಿದ ಹಾಗೆ. ಮೊದಲು ಆ ಒಂದೂಕಾಲು ಗಂಟೆ ನನ್ನ ಗಂಡನನ್ನು ಕಳ್ಳ ಮಾಡಲು ಅವನಿಗೆ ಬೇಕಾಗಿತ್ತು, ಅದಕ್ಕೆ ತಾನೇ ಬರೆದುಕೊಂಡಿದ್ದ. ಅಳಿಸುವಂತಿರಲಿಲ್ಲ. ಆಫೀಸರು ಅವನ ಮುಖ ನೋಡಿ, ಮೂಗಿನ ಮೇಲೆ ಕರವಸ್ತ್ರ ಇಟ್ಟುಕೊಂಡರು. ಈ ಸಲ ಸೀನಲಿಲ್ಲ.

ಅವನ ಬರಹಕ್ಕೆ ಅಡ್ಡಗೆರೆ ಎಳೆದು ಕೆಳಗೆ ತಾವೇ ಬರೆದರು. ಓದಿ ಹೇಳಿ ಎಂದೆ. "ತೋಟದ ಗಡಿಯಾರದ ಪ್ರಕಾರ ಒಂದೂಕಾಲು ಗಂಟೆಗೆ, ಕೆಲಸದ ವೇಳೆಯಲ್ಲಿ, ಕೊಂಬೆ ಕಡಿಯುತ್ತಿದ್ದಾಗ ಮರದಿಂದ ಬಿದ್ದು ಸಣ್ಣಸ್ವಾಮಿ ಮೃತಪಟ್ಟಿದ್ದಾನೆ." ಇನ್ನೊಂದು ಸಲ ಓದಿ ಎಂದೆ. ಓದಿದರು. ಮನೆ ಬಿಡಿಸಕೂಡದು ಎಂದೂ ಹೇಳಿ ಹೋದರು.

ಮನೆಗೆ ಬಂದು ಆ ಸೀಸೆ ತೊಳೆದೆ. ತಳದ ಜೇನನ್ನು ಬೆರಳಲ್ಲಿ ಕೆರೆದು ತಿಂದೆ. ಕಕ್ಕಬೆಯವನು ಕೊಟ್ಟದ್ದು.

ಆಮೇಲೆ ಶುರುವಾಯಿತು ದೇವರಂಥ ಮನುಷ್ಯ. ಕಾಳ ಬಂದ, ಕಣ್ಣೊರೆಸಿಕೊಂಡ. ದೊಡ್ಡಿ ಮೊಮ್ಮಗಳನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಮಗುವಿನದೇನು ತಪ್ಪು, ಎತ್ತಿಕೊಂಡೆ. ಬೆಳ್ಯಪ್ಪ ತಿಥಿಗೆ ಎಂದು ಗುಂಡನ ಕೈಯಲ್ಲಿ ಸಕ್ಕರೆ, ಕಾಫಿ ಪುಡಿ ಕಳಿಸಿದ. ಜೊತೆಗೊಂದು ಮಾತು, ನಿನಗೆ ಗಡಿಯಾರ ನೋಡಲು ಬರುತ್ತದೆ, ಗಂಟೆ ಹೊಡೆಯುವ ಕೆಲಸ ನೀನೇ ಮಾಡು.

ಸಕ್ಕರೆ, ಪುಡಿ ಎರಡನ್ನೂ ಗುಂಡನ ಕಣ್ಣೆದುರೇ ಚರಂಡಿಗೆ ಸುರಿದೆ. "ಇದನ್ನೂ ಹೋಗಿ ಹೇಳು" ಎಂದೆ.

ಗಂಟೆಯನ್ನು ಗುಂಡನೇ ಹೊಡೆಯುತ್ತಾನೆ, ಕಟ್ಟಿಗೆ ಒಡೆದ ಹಾಗೆ. ಗಡಿಯಾರ ಈಗಲೂ ಅರ್ಧ ಗಂಟೆ ಮುಂದೆಯೇ ಇದೆ. ಜನ ಏಳುತ್ತಾರೆ, ಹೋಗುತ್ತಾರೆ. ಹುಟ್ಟಿದ ಹೊತ್ತು ಕೇಳಲು ನನ್ನ ಹತ್ತಿರ ಬರುತ್ತಾರೆ. ಹೇಳುತ್ತೇನೆ.

ಒಂದು ಲೆಕ್ಕವನ್ನು ಮಾತ್ರ ಯಾರೂ ಕೇಳಲಿಲ್ಲ, ಆಫೀಸರೂ ಕೇಳಲಿಲ್ಲ. ನನ್ನ ಗಂಡ ಬಿದ್ದದ್ದು ಊರಿನ ಹನ್ನೆರಡೂ ಮುಕ್ಕಾಲಿಗೆ. ಸುಣ್ಣವನ್ನು ಅಂಗಳಕ್ಕೆ ಉರುಳಿಸಿ ಆಗಲೇ ಹೊರಟಿದ್ದರೆ ಒಂದೂ ಮುಕ್ಕಾಲಿಗೆ ಆಸ್ಪತ್ರೆ. ಜೀವ ಹೋದದ್ದು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ. ಡಾಕ್ಟರ ಕೈಯಲ್ಲಿ ಎರಡು ಗಂಟೆ ಐದು ನಿಮಿಷ ಇರುತ್ತಿದ್ದರು. ಇದ್ದದ್ದು ಐವತ್ತು ನಿಮಿಷ.

ಆ ದಿನ ಮಳೆ ಬರಲಿಲ್ಲ. ಒಂಬತ್ತು ಮೈಲಿ ನಡೆದವಳು ನಾನು, ನನಗೆ ಗೊತ್ತು. ಒಂದು ಹನಿಯೂ ಬೀಳಲಿಲ್ಲ.